ರೊಟ್ಟಿ ಬುಟ್ಟಿಯ ಕೆಳಗಿನ ರಾಜ

ನಮ್ಮನೆಯವರು ಚದುರಂಗದಲ್ಲಿ ಇದುವರೆಗೆ ಯಾರಿಗೂ ಸೋತವರಲ್ಲ. ಇದು ಅವರೇ ಹೇಳುವ ಮಾತು, ಸುಳ್ಳೂ ಅಲ್ಲ. ಅವರ ಎದುರು ಕೂತು ಆಡಿದವರು ಇಬ್ಬರೇ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಒಬ್ಬ ನನ್ನ ತಮ್ಮ ಹಾಲೇಶ. ಬಂದಾಗಲೆಲ್ಲ ಭಾವನ ಮೋಟಾರ್‌ಸೈಕಲ್ ಕೇಳಿಕೊಂಡು ಹೋಗಬೇಕಾಗಿದ್ದವನು. ಇನ್ನೊಬ್ಬಳು ನಮ್ಮ ಮಗಳು ಸೌಜನ್ಯ. ಆಗಿನ್ನೂ ಕುದುರೆಯನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದಳು.

ಈ ಕೀರ್ತಿಯನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಲಾರಿ ಮಾಲೀಕ ಪಾಲಪ್ಪನ ಮುಂದೆ ಬಿಚ್ಚಿಬಿಟ್ಟರು.

ನಾವಿರುವುದು ಹೊಸಪೇಟೆಯ ಹಳೆಯ ಓಣಿಯೊಂದರಲ್ಲಿ. ಓಣಿಯ ತುದಿಗೆ ನಮ್ಮ ಹಿಟ್ಟಿನ ಗಿರಣಿ, ನಡುವೆ ಬೇವಿನ ಮರದ ಕಟ್ಟೆ. ಸಂಡೂರಿನ ಗುಡ್ಡಗಳನ್ನು ಅಗೆದು ಚೀನಾಕ್ಕೆ ಕಳಿಸುತ್ತಿದ್ದ ಕಾಲ ಅದು. ಯಶವಂತನಗರದ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಗಳಿಗೆ ಗೂಡ್ಸ್ ರೈಲು ತುಂಬುವ ರೈಲ್ವೆ ಸೈಡಿಂಗ್ ಸೇರಲು ಊರ ಹೊರಗೆ ದೊಡ್ಡ ರಸ್ತೆಯೇ ಇತ್ತು. ಆದರೆ ಅಲ್ಲಿ ಸಾಲಾಗಿ ಕಾಯಬೇಕು. ಪಾಲಪ್ಪನ ಡ್ರೈವರುಗಳ ಕಣ್ಣಿಗೆ ನಮ್ಮ ಓಣಿ ಬಿತ್ತು. ಅಲ್ಲಿಂದ ಮುಂದೆ ಬೆಳಿಗ್ಗೆ ಗಿರಣಿಯಲ್ಲಿ ಬೆಳ್ಳಗೆ ನಿಂತ ನಮ್ಮನೆಯವರು ಮಧ್ಯಾಹ್ನ ಊಟಕ್ಕೆ ಬರುವಾಗ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿದ್ದರು. ನಮ್ಮ ಓಣಿಯ ಬಿಳಿಜೋಳದ ರೊಟ್ಟಿಯನ್ನು ನೋಡಿದ ನೆಂಟರು, "ರಾಗಿ ಯಾವಾಗಿಂದ ಶುರು ಮಾಡಿದ್ರಿ?" ಎಂದು ಕೇಳುತ್ತಿದ್ದರು.

ಬಣ್ಣ ತಾನೇ, ಇರಲಿ ಎಂದುಕೊಂಡಿದ್ದೆವು. ಒಂದು ಸಂಜೆ ಸೌಜನ್ಯ ಶಾಲೆಯಿಂದ ಒಂದೇ ಚಪ್ಪಲಿಯಲ್ಲಿ ಬಂದಳು. ಇನ್ನೊಂದು ಲಾರಿಯ ಗಾಲಿಯ ಕೆಳಗೆ ಹೋಗಿತ್ತು. ಕಾಲು ಹೋಗಿರಲಿಲ್ಲ, ಅಷ್ಟೆ. ಅವಳು ಅಳಲೂ ಇಲ್ಲ. ಹೊಸ ಚಪ್ಪಲಿ ಕಳೆದದ್ದಕ್ಕೆ ಬೈಯುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅಂದಿನಿಂದ ನಾನು ಅವಳ ಕೈ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಅವಳ ಲಂಗದ ಅಂಚು ನನ್ನ ಮೊಣಕಾಲಿನ ಕೆಳಗಿರುತ್ತಿತ್ತು. ಎದುರುಮನೆ ಹೇಮಾವತಿಯಿಂದ ಕರಿಬೇವು ತರಬೇಕಾದರೂ ಅವ್ವ ಮಗಳು ಕೈ ಹಿಡಿದು, ಎರಡೂ ಕಡೆ ನೋಡಿ, ತುಂಬಿದ ಹೊಳೆ ದಾಟುವವರ ಹಾಗೆ ದಾಟುತ್ತಿದ್ದೆವು.

ಓಣಿಯವರು ಅರ್ಜಿ ಹಿಡಿದು ಅಲೆದರು. ಒಂದು ಆಫೀಸಿನಲ್ಲಿ ರಸ್ತೆ ನಮ್ಮದು, ಲಾರಿ ನಮ್ಮದಲ್ಲ ಎಂದರು. ಇನ್ನೊಂದರಲ್ಲಿ ಲಾರಿ ನಮ್ಮದು, ಧೂಳು ನಮ್ಮದಲ್ಲ ಎಂದರು. ಮತ್ತೊಂದರಲ್ಲಿ ಅಧಿಕಾರಿಗಳು ನಮ್ಮ ಅರ್ಜಿಯ ಮೇಲಿದ್ದ ಕೆಂಪು ಧೂಳನ್ನು ಫೂ ಎಂದು ಊದಿ, "ಧೂಳು ಬರತೈತಿ ಅನ್ನಾಕ ಸಾಕ್ಷಿ ಏನೈತ್ರಿ?" ಎಂದರು.

ಕೊನೆಗೆ ಪಾಲಪ್ಪನನ್ನೇ ಕೇಳುವುದೆಂದಾಯಿತು. ನಿವೃತ್ತ ಡ್ರಿಲ್ ಮೇಷ್ಟ್ರು ಹಾಲಸ್ವಾಮಿಯವರು ಮುಂದಾಳು. "ಮಗು ಇದ್ರ ಮನಸ್ಸು ಕರಗತೈತಿ" ಎಂದು ಅವರು ಹೇಳಿದ್ದರಿಂದ ನಾನೂ ಸೌಜನ್ಯಳೂ ಹೊರಟೆವು. ನಮ್ಮನೆಯವರನ್ನು ಯಾರೂ ಕರೆದಿರಲಿಲ್ಲ. ಅವರಾಗಿಯೇ ಬಂದರು.

ಪಾಲಪ್ಪ ನಮ್ಮ ಓಣಿಯಲ್ಲೇ ಬೆಳೆದವನು. ಅವನ ಅಪ್ಪ ಉಚ್ಚೆಂಗಪ್ಪ ಬೇವಿನ ಕಟ್ಟೆಯ ಪಕ್ಕ ತಳ್ಳುಗಾಡಿಯಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದವರು. ಈಗ ಪಾಲಪ್ಪನ ಪ್ರತಿ ಲಾರಿಯ ಹಣೆಯ ಮೇಲೂ 'ಉಚ್ಚೆಂಗಪ್ಪ ತಂದೆಯ ಆಶೀರ್ವಾದ' ಎಂದು ಬರೆದಿತ್ತು. ಸೌಜನ್ಯಳ ಚಪ್ಪಲಿಯ ಮೇಲೆ ಹಾದುಹೋದದ್ದೂ ಅದೇ ಆಶೀರ್ವಾದ.

ತಣ್ಣಗಿನ ಕೋಣೆಯಲ್ಲಿ ಪಾಲಪ್ಪ ಗಾಜಿನ ಚದುರಂಗದ ಹಲಗೆಯ ಮುಂದೆ ಕೂತಿದ್ದ. ಎದುರಿಗೆ ಕನ್ನಡಕದ ಮನುಷ್ಯರೊಬ್ಬರು. ಪಾಲಪ್ಪನಿಗೆ ಆಟ ಕಲಿಸಲೆಂದೇ ಹೈದರಾಬಾದಿನಿಂದ ಕರೆಸಿಕೊಂಡ ಮಾಸ್ಟರ್ ಅಂತೆ.

"ಬರ್ರಿ, ಕುಂದ್ರಿ. ಒಂದ್ನಿಮಿಷ ತಡೀರಿ, ಓಪನಿಂಗ್ ನಡದೈತಿ," ಎಂದ ಪಾಲಪ್ಪ.

ಹಾಲಸ್ವಾಮಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡುವುದರಲ್ಲಿದ್ದರು. ಅಷ್ಟರಲ್ಲಿ ನಮ್ಮನೆಯವರು ಹಲಗೆಯ ಮೇಲೆ ಬಗ್ಗಿ, "ಆ ಕುದುರಿ ಅಲ್ಲಿಡಬಾರದಿತ್ತು ನೋಡ್ರಿ," ಎಂದುಬಿಟ್ಟರು.

ಪಾಲಪ್ಪ ತಲೆ ಎತ್ತಿದ. "ಜಂಬಯ್ಯಣ್ಣ, ನೀವೂ ಆಡ್ತೀರೇನು?"

"ಆಡೋದೇನು ಬಂತು. ಇವತ್ತಿನ ತನಕ ಯಾರಿಗೂ ಸೋತಿಲ್ಲ."

ನಾನು ಅವರ ಕಾಲು ತುಳಿದೆ. ಅವರು ನನಗೆ ಜಾಗ ಸಾಲದೇನೋ ಎಂದುಕೊಂಡು ಕಾಲು ಸರಿಸಿ ಕೂತರು.

"ಹಂಗಾದ್ರ ಒಂದು ಆಟ ಆಗೇಬಿಡ್ಲಿ," ಎಂದ ಪಾಲಪ್ಪ, ಕಣ್ಣು ಸಣ್ಣ ಮಾಡಿ. "ಐತವಾರ, ಬೇವಿನ ಕಟ್ಟಿ ಮ್ಯಾಲ, ಎಲ್ಲಾರ ಮುಂದ. ನೀವು ಗೆದ್ರ ನನ್ನ ಲಾರಿ ಎಲ್ಲಾ ಹೊರಗಿನ ರೋಡಿಗೆ. ನಾ ಗೆದ್ರ ಅರ್ಜಿ ಗಿರ್ಜಿ ಮುಗೀತು. ಆ ಕಟ್ಟೀನೂ ಒಡೆಸಿ ದಾರಿ ಅಗಲ ಮಾಡ್ತೀನಿ. ಗಾಡಿ ತಿರುಗಾಕ ಅಡ್ಡ ಆಗೈತಿ."

ಮೇಷ್ಟ್ರು ಬಾಯಿ ತೆರೆದರು. ಅದಕ್ಕೂ ಮುಂಚೆ ನಮ್ಮನೆಯವರು, "ಆಗ್ಲಿ ಬಿಡ್ರಿ," ಎಂದು ಎದ್ದು ನಿಂತಿದ್ದರು.

ಹೊರಗೆ ಬಂದಮೇಲೆ ಮೇಷ್ಟ್ರು ಕಂಬ ಹಿಡಿದುಕೊಂಡರು. "ಜಂಬಯ್ಯ, ಇದ್ದದ್ದು ಲಾರಿ ಒಂದ ತೊಂದ್ರಿ. ಈಗ ಕಟ್ಟೀನೂ ಹೋತಲ್ಲೋ!"

ಆ ವಾರ ಓಣಿಯಲ್ಲಿ ಯಾರಿಗೂ ಬೇರೆ ಮಾತಿರಲಿಲ್ಲ. ಮೇಷ್ಟ್ರು ಬೆಳಗಾಗುತ್ತಲೇ ಬಂದು ನಮ್ಮನೆಯವರಿಗೆ ಕೈಕಾಲಿನ ವ್ಯಾಯಾಮ ಮಾಡಿಸಿದರು. ಡ್ರಿಲ್ ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಹೇಮಾವತಿ ಬಾದಾಮಿ ನೆನೆಸಿ ಸಿಪ್ಪೆ ಸುಲಿದು ತಂದುಕೊಟ್ಟಳು. ಹಿಟ್ಟು ಹಾಕಿಸಲು ಬಂದವರೆಲ್ಲ ಜೋಳದ ಜೊತೆ ಒಂದೊಂದು ಉಪಾಯ ತಂದರು. ನಮ್ಮನೆಯವರಿಗಂತೂ ಯಾವ ಅಂಜಿಕೆಯೂ ಇರಲಿಲ್ಲ. ಶನಿವಾರ ಸಂಜೆ ಮಾತ್ರ ನನ್ನ ಪಕ್ಕ ಬಂದು ಕೂತು, ಮೆಲ್ಲಗೆ, "ಗಂಗಾ, ಹಾಲೇಶ ಮನಸಿಟ್ಟು ಆಡ್ತಿದ್ನಲ್ಲ?" ಎಂದು ಕೇಳಿದರು.

"ಮನಸಿಟ್ಟೇ ಆಡ್ತಿದ್ದ," ಎಂದೆ. ಮೋಟಾರ್‌ಸೈಕಲ್ ಮೇಲೆ ಮನಸಿಟ್ಟು ಎಂದು ಹೇಳಲು ಬಾಯಿ ಬರಲಿಲ್ಲ. ಮಗಳ ಕೈ ನನ್ನ ಕೈಯಲ್ಲಿ ಬೆವೆತಿತ್ತು.

ಭಾನುವಾರ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕಟ್ಟೆಗೆ ಅಂಟಿಕೊಂಡ ಮನೆ ನಮ್ಮದೇ ಆದ್ದರಿಂದ ನಾನು ಅಡಿಗೆಮನೆಯ ಕಿಟಕಿಯಲ್ಲಿ ಹೆಂಚನ್ನೂ ಹಲಗೆಯನ್ನೂ ಒಟ್ಟಿಗೆ ನೋಡುತ್ತಿದ್ದೆ. ಪಾಲಪ್ಪ ಮಾಸ್ಟರನ್ನೂ ಗುಂಡಿ ಒತ್ತುವ ಗಡಿಯಾರವನ್ನೂ ತಂದಿದ್ದ. ಮೊದಲ ನಡೆ ನಮ್ಮನೆಯವರದು.

ಅವರು ಕಣ್ಣು ಮುಚ್ಚಿ ದೇವರಿಗೆ ಕೈಮುಗಿದರು. ಆಮೇಲೆ ಎರಡೂ ಕೈ ಚಾಚಿ, ಎರಡು ಸಿಪಾಯಿಗಳನ್ನು ಒಟ್ಟಿಗೆ ಹಿಡಿದು, ಒಂದೊಂದು ಮನೆ ಮುಂದಿಟ್ಟರು.

"ಇಲ್ಲೀಗಲ್!" ಎಂದು ಮಾಸ್ಟರ್ ಕೂಗಿದರು. "ಇಲ್ಲೀಗಲ್! ಇಲ್ಲೀಗಲ್!"

ಗಣಿಗಳ ತನಿಖೆ ನಡೆದಿದ್ದ ಆ ದಿನಗಳಲ್ಲಿ ನಮ್ಮ ಕಡೆ ಆ ಶಬ್ದ ಕಿವಿಗೆ ಬಿದ್ದರೆ ದೊಡ್ಡವರೆಲ್ಲ ಮೊದಲು ಹಿಂದೆ ತಿರುಗಿ ನೋಡುತ್ತಿದ್ದರು. ಪಾಲಪ್ಪನೂ ನೋಡಿದ. ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, "ಏನದು ಮಾಸ್ಟರ್?" ಎಂದ.

"ಒಂದು ಸಲಕ್ಕೆ ಒಂದೇ ಕಾಯಿ ನಡೆಸಬೇಕು. ಇವರು ಎರಡು ನಡೆಸಿದ್ದಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ."

ನಮ್ಮನೆಯವರು ಕಂಗಾಲಾಗಿ ಸುತ್ತ ನೋಡಿದರು. "ಆಟ ಶುರು ಆಗೋದ ಹಿಂಗಲ್ಲೇನ್ರಿ?"

ಅಷ್ಟರಲ್ಲಿ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಮುದುಕಮ್ಮಜ್ಜಿ ಬಂದಳು. ಓಣಿಯಲ್ಲಿ ಅವಳಿಗಿಂತ ಹಿರಿಯದೆಂದರೆ ಬೇವಿನ ಮರವೊಂದೇ.

"ಲೇ ಪಾಲ್ಯಾ, ಯಾರಲೇ ಇವ, ತಪ್ಪು ಅನ್ನಾಂವ? ನಿಮ್ಮಪ್ಪ ಇದ ಕಟ್ಟಿ ಮ್ಯಾಲ ಕುಂತು, ಉಳ್ಳಾಗಡ್ಡಿ ಗಾಡಿ ಮರೆತು, ಹಿಂಗ ಎರಡು ಸಿಪಾಯಿ ಇಟ್ಟ ಆಟ ಶುರು ಮಾಡ್ತಿದ್ದ. ಹೌದಿಲ್ಲೋ? ನಿಮ್ಮಪ್ಪಂದು ತಪ್ಪು ಅಂತಾನೇನು ಈ ಮಾಸ್ಟರ?"

ಊರ ತುಂಬ ಅಪ್ಪನ ಆಶೀರ್ವಾದ ಬರೆಸಿ ಓಡಿಸುತ್ತಿರುವ ಮಗ ಈಗ ಏನೆನ್ನುತ್ತಾನೆ ಎಂದು ಎಲ್ಲರೂ ಅವನ ಬಾಯಿಯನ್ನೇ ನೋಡಿದರು.

"ನಮ್ಮಪ್ಪಂದು ತಪ್ಪು ಅಂದ್ನೇನು ನಾನು?" ಪಾಲಪ್ಪ ಎದೆ ಸೆಟೆಸಿದ. "ಪುಸ್ತಕ ಬ್ಯಾಡ. ನಮ್ಮಪ್ಪ ಹೆಂಗ ಆಡ್ತಿದ್ದ ಹಂಗ ಆಡೋಣ. ಎಲ್ಲಾ ಹಳೇ ಪದ್ಧತಿ, ಒಂದೂ ಬಿಡಬಾರದು."

"ಹಂಗಾದ್ರ ಆ ಗಡಿಯಾರ ತಗೀ," ಎಂದಳು ಮುದುಕಮ್ಮಜ್ಜಿ. "ನಿಮ್ಮಪ್ಪ ಒಂದು ನಡಿ ವಿಚಾರ ಮಾಡಾಕ ಮನೀಗೆ ಹೋಗಿ ಉಂಡು, ಮಲಗಿ ಎದ್ದು ಬರ್ತಿದ್ದ."

ಮಾಸ್ಟರ್ ಗಡಿಯಾರವನ್ನು ಎದೆಗವಚಿಕೊಂಡು ಹೋಗಿ ಕಾರಿನಲ್ಲಿ ಕೂತರು. ಪಾಲಪ್ಪನೂ ಎರಡು ಸಿಪಾಯಿಗಳನ್ನು ಮುಂದಿಟ್ಟ. ಆಟ ಶುರುವಾಯಿತು.

ಪುಸ್ತಕ ಇಲ್ಲದಿದ್ದರೂ ಪಾಲಪ್ಪ ಆಟ ಬಲ್ಲವನು. ನಾನು ನಾಲ್ಕು ರೊಟ್ಟಿ ಬೇಯಿಸುವಷ್ಟರಲ್ಲಿ ನಮ್ಮವರ ಒಂದು ಆನೆ ಹೋಯಿತು. ಪಲ್ಯಕ್ಕೆ ಒಗ್ಗರಣೆ ಹಾಕುವಷ್ಟರಲ್ಲಿ ಮಂತ್ರಿಯೂ ಹೋದ. ಮೇಷ್ಟ್ರು ಕಟ್ಟೆಯ ಕಲ್ಲನ್ನು ಕೈಯಿಂದ ಸವರುತ್ತಿದ್ದರು, ಊರಿಗೆ ಹೊರಟವರನ್ನು ಬೀಳ್ಕೊಡುವ ಹಾಗೆ. ಪಾಲಪ್ಪ ಆನೆಯನ್ನು ಎತ್ತಿ, "ಇನ್ನ ಇದೊಂದು ಇಟ್ರ," ಎಂದ.

ಇಡಲಾಗಲಿಲ್ಲ. ಓಣಿಯ ತಿರುವಿನಲ್ಲಿ ಹಾರ್ನ್ ಕೂಗಿತು. ಗುಂಪು ಗೋಡೆಗಂಟಿ ನಿಂತಿತು. ಅದಿರಿನ ಲಾರಿಯೊಂದು ಕಟ್ಟೆಯನ್ನು ಒರೆಸಿಕೊಂಡೇ ಹೋಯಿತು. ಕಟ್ಟೆ ನಡುಗಿತು, ಹಲಗೆ ಜಿಗಿಯಿತು, ಎರಡೂ ಕಡೆಯ ಸೈನ್ಯ ನೆಲಕ್ಕುರುಳಿತು. ಧೂಳು ಇಳಿದಾಗ ಕರಿಯ ಕಾಯಿಯೂ ಇರಲಿಲ್ಲ, ಬಿಳಿಯ ಕಾಯಿಯೂ ಇರಲಿಲ್ಲ. ರಾಜ, ಸಿಪಾಯಿ, ಪಾಲಪ್ಪ, ನಮ್ಮನೆಯವರು, ಎಲ್ಲರೂ ಒಂದೇ ಬಣ್ಣ. ಹೊರಟುಹೋಗುತ್ತಿದ್ದ ಲಾರಿಯ ಹಿಂಬದಿಯಲ್ಲೂ 'ತಂದೆಯ ಆಶೀರ್ವಾದ' ಎಂದಿತ್ತು.

"ನನ್ನ ಆನಿ ಇಲ್ಲಿತ್ತು! ಇವರ ರಾಜ ಅಲ್ಲಿತ್ತು!" ಪಾಲಪ್ಪ ಕೂಗಾಡಿದ.

"ಎಲ್ಲಿತ್ತಪ್ಪ? ಧೂಳಾಗ ಏನೂ ಕಾಣಲಿಲ್ಲ," ಎಂದಳು ಹೇಮಾವತಿ.

"ಧೂಳಿಗೆ ಸಾಕ್ಷಿ ಏನೈತ್ರಿ?" ಎಂದರು ಮೇಷ್ಟ್ರು, ತಡೆಯಲಾರದೆ.

ನಾನು ಕಾಯಿಗಳನ್ನೆಲ್ಲ ಬುಟ್ಟಿಯಲ್ಲಿ ಒಟ್ಟುಮಾಡಿ, ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ತಂದೆ. ಆಟವನ್ನು ಮೊದಲಿನಿಂದ ಆಡಬೇಕಾಯಿತು. ಗೆಲುವು ಕೈಜಾರಿದ ಸಿಟ್ಟಿನಲ್ಲಿ ಪಾಲಪ್ಪ ಫೋನ್ ಕಿವಿಗಿಟ್ಟು ಓಣಿಗೆಲ್ಲ ಕೇಳುವಂತೆ ಅಬ್ಬರಿಸಿದ: "ಈ ಆಟ ಮುಗಿಯೋ ತನಕ ನನ್ನ ಒಂದು ಲಾರಿನೂ ಈ ಓಣಿಯಾಗ ಬರಬಾರದು! ನಮ್ಮಪ್ಪನ ಆಣಿ ಐತಿ! ಬಂದ ಡ್ರೈವರನ್ನ ಮನೀಗೆ ಕಳಸ್ತೀನಿ!"

ಆ ಮಾತು ನಮಗೆ ಆಗ ಬರೀ ಸಿಟ್ಟಿನ ಮಾತಾಗಿ ಕೇಳಿಸಿತು.

ಎರಡನೆಯ ಆಟದಲ್ಲಿ ನಮ್ಮನೆಯವರು ಹೇಗೋ ಪಾಲಪ್ಪನ ಎರಡೂ ಒಂಟೆಗಳನ್ನು ಹೊಡೆದರು. ಜನ ಚಪ್ಪಾಳೆ ತಟ್ಟಿದರು. ಅವರು ಬೀಗಿ, ಕಿಟಕಿಯಲ್ಲಿ ನಿಂತ ಸೌಜನ್ಯಳ ಕೈಗೆ ಒಂಟೆಗಳನ್ನು ಕೊಟ್ಟರು. ಆ ಬೀಗುವಿಕೆ ಮುಗಿಯುವುದರೊಳಗೆ ಪಾಲಪ್ಪನ ಮಂತ್ರಿ ಬಂದು ಎದುರು ನಿಂತ.

"ಚೆಕ್."

ನಮ್ಮನೆಯವರು ಕೆನ್ನೆಗೆ ಕೈಕೊಟ್ಟು ನೋಡಿದರು. ಎಡಕ್ಕೆ ಆನೆ, ಬಲಕ್ಕೆ ಕುದುರೆ. ಊಟದ ಹೊತ್ತು ಮೀರಿತು. ನೆರಳು ಕಟ್ಟೆಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಪಾಲಪ್ಪ ಒಗ್ಗರಣೆ ಮಿರ್ಚಿ ತರಿಸಿ ತಿಂದು ಕೈ ತೊಳೆದ.

"ನಡೀರಿ, ಜಂಬಯ್ಯಣ್ಣ."

"ವಿಚಾರ ಮಾಡಾಕತ್ತೀನಿ."

ದೀಪ ಹಚ್ಚುವ ಹೊತ್ತಾಯಿತು. ಮುದುಕಮ್ಮಜ್ಜಿ ಎದ್ದಳು. "ಮುಗೀಲಾರದ ಆಟ ಇದ್ದಂಗ ಮುಚ್ಚಿಡಬೇಕು, ಮುಂದಿನ ವಾರ ತಗೀಬೇಕು. ಪಾಲ್ಯಾ, ನಿಮ್ಮಪ್ಪ ಏನು ಮಾಡ್ತಿದ್ದ?"

"ಮುಚ್ಚಿಡ್ತಿದ್ದ," ಎಂದು ಪಾಲಪ್ಪ ಗೊಣಗಿದ.

ಮುಚ್ಚಲು ಸಿಕ್ಕಿದ್ದು ನನ್ನ ರೊಟ್ಟಿ ಬುಟ್ಟಿ. ಹಲಗೆಯ ಮೇಲೆ ಅದನ್ನು ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟರು.

ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಏನೋ ಕೊರತೆಯಾದಂತೆ ಅನಿಸಿತು. ಬೀದಿ ನಳದ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಹೇಮಾವತಿ ತನ್ನ ಮನೆಯಲ್ಲಿ ಅತ್ತೆಗೆ ಉತ್ತರ ಕೊಡುವುದೂ ಕೇಳುತ್ತಿತ್ತು. ಊಟಕ್ಕೆ ಬಂದ ನಮ್ಮನೆಯವರು ಅಪ್ಪಟ ಬಿಳಿ ಬಣ್ಣದಲ್ಲಿದ್ದರು. ನಾನು ಬಾಗಿಲಿಗೆ ಬಂದೆ. ಹೇಮಾವತಿಯೂ ಬಂದಳು. ಇಬ್ಬರೂ ಖಾಲಿ ರಸ್ತೆಯನ್ನೂ ಬುಟ್ಟಿಯನ್ನೂ ನೋಡಿದೆವು, ಒಬ್ಬರನ್ನೊಬ್ಬರು ನೋಡಿದೆವು.

ಸಂಜೆ ಮೇಷ್ಟ್ರು ಬಂದರು. "ಜಂಬಯ್ಯ, ನಡಿ ಏನರ ಹೊಳೀತೇನಪ?"

"ಇಲ್ಲ ಮೇಷ್ಟ್ರೇ, ಇನ್ನೂ ಇಲ್ಲ."

"ಭಾಳ ಚಲೋ," ಎಂದು ಬೆನ್ನು ತಟ್ಟಿ ಹೋದರು.

ಓಣಿಯಲ್ಲಿ ಇದು ಅರ್ಥವಾಗದೆ ಉಳಿದವರು ಒಬ್ಬರೇ, ನಮ್ಮನೆಯವರು. ಆಟ ಮುಗಿಯದೆ ಲಾರಿ ಬರುವಂತಿಲ್ಲ. ನಡೆ ಇಡದೆ ಆಟ ಮುಗಿಯುವಂತಿಲ್ಲ. ಅವರು ಮಾತ್ರ ಪ್ರಾಮಾಣಿಕವಾಗಿ ಯೋಚಿಸುತ್ತಿದ್ದರು. ಭಾನುವಾರಗಳು ಬಂದವು, ಹೋದವು. ಪಾಲಪ್ಪ ಬರುವುದು, ಬುಟ್ಟಿ ತೆಗೆಯುವುದು, ಇವರು ಕೆನ್ನೆಗೆ ಕೈಕೊಡುವುದು, ಬುಟ್ಟಿ ಮುಚ್ಚುವುದು. ಆಣೆ ಹಾಕಿದ್ದು ಅಪ್ಪನ ಹೆಸರಲ್ಲಿ, ಆದ್ದರಿಂದ ಪಾಲಪ್ಪ ಹಲ್ಲು ಕಚ್ಚಿ ಕೂರುತ್ತಿದ್ದ. ಕೂತು ಕೂತು ಅವನಿಗೆ ಕಟ್ಟೆಯ ನೆರಳು ಒಗ್ಗಿತು. ಒಮ್ಮೆ ಅಲ್ಲೇ ನಿದ್ದೆಯನ್ನೂ ಮಾಡಿದ.

ಒಂದು ದಿನ ನಮ್ಮನೆಯವರು ಊಟ ಬಿಟ್ಟು ಎದ್ದರು. "ಗಂಗಾ, ಇಡೀ ಓಣಿನ ಕಾಯಿಸಾಕತ್ತೀನಿ. ನಾಚಿಕಿ ಆಗತೈತಿ. ಸೋತೆ ಅಂತ ಹೇಳಿಬಿಡ್ತೀನಿ."

ಸುದ್ದಿ ನನ್ನ ಬಾಯಿಂದ ಹೊರಟು ಓಣಿ ಮುಟ್ಟುವಷ್ಟರಲ್ಲಿ ಹೇಮಾವತಿ ತುಪ್ಪ ಸುರಿದ ಹೋಳಿಗೆ ಹಿಡಿದು ಓಡಿ ಬಂದಳು. ಅದನ್ನು ತಿಂದವರು ಸಂಜೆತನಕ ಏಳಲಿಲ್ಲ. ಅಂದಿನಿಂದ ಸರದಿಯ ಮೇಲೆ ಒಂದೊಂದು ಮನೆಯಿಂದ ಭಾರದ ಊಟ ಬರತೊಡಗಿತು.

ಧೂಳು ಊದಿದ್ದ ಅಧಿಕಾರಿಗಳೂ ಒಮ್ಮೆ ಜೀಪಿನಲ್ಲಿ ಬಂದರು. ಸ್ವಚ್ಛ ರಸ್ತೆ ನೋಡಿ, "ನಿಮ್ಮ ಅರ್ಜಿ ಮ್ಯಾಲೆ ಕ್ರಮ ತಗೊಂಡ್ವಿ, ನೋಡಿದ್ರಿಲ್ಲ?" ಎಂದು, ಇದೇನು ಬುಟ್ಟಿ ಎಂದು ಕೈ ಹಾಕಿದರು. "ಮುಟ್ಟಬ್ಯಾಡ್ರೀ!" ಎಂದು ಇಡೀ ಓಣಿ ಒಂದೇ ಗಂಟಲಲ್ಲಿ ಕಿರುಚಿತು. ಅವರು ಒಳಗೆ ಹಾವಿದೆ ಎಂದುಕೊಂಡು ಜೀಪು ಹತ್ತಿದರು.

ಆಮೇಲೆ ಆ ಭಾನುವಾರ ಬಂತು. ಪಾಲಪ್ಪ ಎದುರಿಗೆ ಕೂತು ಮಂಡಕ್ಕಿ ಮೆಲ್ಲುತ್ತಿದ್ದ. ಬುಟ್ಟಿ ತೆಗೆದು ಬಹಳ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ನಮ್ಮನೆಯವರು ತೊಡೆ ತಟ್ಟಿ ಎದ್ದರು.

"ಸಿಕ್ತು! ಗಂಗಾ, ಸಿಕ್ತು!"

ಅವರ ಕೈ ರಾಜನ ಕಡೆ ಹೋಯಿತು. ಇಟ್ಟರೆ ಗೆಲ್ಲುತ್ತಾರೋ, ಮುಂದಿನ ನಡೆಗೇ ಸೋಲುತ್ತಾರೋ, ಯಾರಿಗೆ ಗೊತ್ತು? ಹಾಲೇಶನನ್ನು ಸೋಲಿಸಿದ ಕೈ ಅದು! ಮುದುಕಮ್ಮಜ್ಜಿ ಎದೆ ಹಿಡಿದು ಕೆಮ್ಮತೊಡಗಿದಳು. ಮೇಷ್ಟ್ರು "ಅಟೆನ್ಷನ್!" ಎಂದು ಕೂಗಿದರು. ಹೇಮಾವತಿ ತನ್ನ ಮನೆಯಲ್ಲಿ ಹಾಲು ಉಕ್ಕಿತೆಂದು ನಮ್ಮ ಮನೆಯೊಳಗೆ ಓಡಿದಳು. ಅವರು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ರಾಜ ಮೇಲೆದ್ದ.

ಪಾಲಪ್ಪ ಆ ರಾಜ ಹೊರಟಿದ್ದ ಮನೆಯನ್ನು ನೋಡಿದ. ಬಾಯಿಯ ಮಂಡಕ್ಕಿ ಬಾಯಲ್ಲೇ ಉಳಿಯಿತು.

ನನಗೆ ಚದುರಂಗ ಬರುವುದಿಲ್ಲ. ಮಗಳ ಕೈ ಹಿಡಿದೇ ಕಟ್ಟೆಯ ಹತ್ತಿರ ಹೋದೆ. ತೋಚಿದ್ದೊಂದು ಹೆಸರು, ಅದನ್ನೇ ಹೇಳಿದೆ: "ರೀ, ನೀವು ಅಲ್ಲಿಟ್ರ, ಆಮ್ಯಾಲೆ ಅವರ ಒಂಟಿ ಸುಮ್ನ ಕುಂತಿರತೈತೇನು?"

ಕೈ ಗಾಳಿಯಲ್ಲೇ ನಿಂತಿತು. "ಒಂಟಿ?" ಎಂದರು ಅವರು.

ನಾನು ಪಾಲಪ್ಪನ ಮುಖ ನೋಡಿದೆ. ಒಂದು ಮಾತು ಅವನು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ನನ್ನನ್ನು ನೋಡಿದ, ನನ್ನ ಪಕ್ಕದಲ್ಲಿದ್ದ ಸೌಜನ್ಯಳನ್ನು ನೋಡಿದ, ಮಂಡಕ್ಕಿ ನುಂಗಿದ.

"ಹೌದು ಜಂಬಯ್ಯಣ್ಣ," ಎಂದ. "ಒಂಟಿ ನೋಡ್ಕೊಂಡು ನಡೀರಿ. ಅವಸರ ಏನೈತಿ?"

ಸೋಲಿನ ಅಂಜಿಕೆಯೋ, ಕಟ್ಟೆಯ ನೆರಳಿನ ರುಚಿಯೋ, ನನಗೆ ತಿಳಿಯಲಿಲ್ಲ. ನಮ್ಮನೆಯವರು ರಾಜನನ್ನು ಇದ್ದಲ್ಲೇ ಇಟ್ಟು, ಕೂತು, ಕೆನ್ನೆಗೆ ಕೈಕೊಟ್ಟರು. ಹಲಗೆಯ ಮೂಲೆಮೂಲೆಯಲ್ಲಿ ಒಂಟೆಯನ್ನು ಹುಡುಕತೊಡಗಿದರು.

ಸೌಜನ್ಯ ನನ್ನ ಕೈ ಜಗ್ಗಿದಳು. "ಅವ್ವಾ, ಆಡಾಕ ಹೋಗ್ಲಾ?"

ನಾನು ಎರಡೂ ಕಡೆ ನೋಡಿದೆ. ಕೈ ಬಿಟ್ಟೆ.

ಅವಳು ರಸ್ತೆಯ ನಟ್ಟನಡುವೆ ಹೋಗಿ, ಇಟ್ಟಿಗೆ ಚೂರಿನಿಂದ ಕುಂಟಾಟದ ಮನೆಗಳನ್ನು ಬರೆದಳು. ಆಮೇಲೆ ಇನ್ನೊಂದು ಕೈಯ ಮುಷ್ಟಿ ಬಿಚ್ಚಿ, ಅಪ್ಪ ಹೊಡೆದು ಕೊಟ್ಟಿದ್ದ ಪಾಲಪ್ಪನ ಒಂದು ಒಂಟೆಯನ್ನು ಮೂರನೆಯ ಮನೆಗೆ ಎಸೆದು, ಒಂಟಿಕಾಲಿನಲ್ಲಿ ಜಿಗಿಯುತ್ತಾ ಹೊರಟಳು.